ಬಡಿಗೆಯ ಜೊತೆ ಮನೆಮನೆ ತಿರುಗಿದ ದಿಲ್ಲಿ ಇನಾಮು

ನಮ್ಮ ಅತ್ತೆಗೆ ದಿಲ್ಲಿಯಿಂದ ಪ್ರಶಸ್ತಿ ಬರುವಂತೆ ಮಾಡಿದವಳು ನಾನು. ಅದರಿಂದ ಊರಿನಲ್ಲಿ ಜಗಳ ಹಚ್ಚಿದವಳೂ ನಾನೇ. ಮೊದಲನೆಯದನ್ನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಎರಡನೆಯದನ್ನು ಹಾಗೆ ಹೇಳಿದ್ದು ಒಂದೇ ಸಲ, ಅದೂ ಎದುರು ಮನೆಯ ಚಿಗವ್ವ ಬೆನ್ನು ಹತ್ತಿ ಹೇಳಿಸಿದ್ದಕ್ಕೆ. ಈಗ ಇನ್ನೊಂದು ಸಲ ಹೇಳುತ್ತೇನೆ.

ನನ್ನ ತವರು ಗಂಗಾವತಿ ಕಡೆ, ಶ್ರೀರಾಮನಗರದ ಹತ್ತಿರ. ಅಲ್ಲಿ ಕಾಲುವೆ ನೀರು ಹಿತ್ತಲ ತನಕ ಬರುತ್ತಿತ್ತು. ನೀರು ತರುವುದು ಅಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ಕುಷ್ಟಗಿ ತಾಲೂಕಿನ ಜೋಳದ ಸೀಮೆಗೆ ಬಂದೆ. ಸಣ್ಣ ಊರು, ನಲವತ್ತೊಂದು ಮನೆ. ಎಲ್ಲರಿಗೂ ಕುಡಿಯಲು ಒಂದೇ ಮೆಟ್ಟಿಲ ಬಾವಿ. ಕೊಡ ಹೊತ್ತು ಮೆಟ್ಟಿಲಿಳಿದು, ಮೊಣಕಾಲು ಮುಳುಗುವಷ್ಟು ನೀರಲ್ಲಿ ನಿಂತು, ಕೊಡ ತುಂಬಿಕೊಂಡು ಮತ್ತೆ ಹತ್ತಬೇಕು. ಮೊದಲ ದಿನ ನಾನು ಅರ್ಧ ಕೊಡ ತಂದೆ. ಇನ್ನರ್ಧ ನನ್ನ ಸೀರೆಯ ಮೇಲಿತ್ತು. ಅತ್ತೆ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಿ ನೋಡಿದರು.

“ಕಾಲಿವಿ ಊರಾಕಿ ಅಲ್ಲಾ, ನೀರು ಅಂದ್ರ ಭಾಳ ಪ್ರೀತಿ. ಮೈತುಂಬ ಸುರುವಿಕೊಂಡು ಬಂದಾಳ ನೋಡ್ರಿ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು.

ಅವರ ಮಾತು ಹಾಗೇ. ಚುಚ್ಚುತ್ತಿತ್ತು, ಆದರೆ ಮರುಕ್ಷಣ ಒಣ ಸೀರೆಯನ್ನೂ ಅವರೇ ತಂದು ಕೊಡುತ್ತಿದ್ದರು.

ಆ ಬಾವಿಯಿಂದಲೇ ನಾರುಹುಣ್ಣು ಬರುತ್ತಿತ್ತು. ಈಗಿನ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ, ಅಷ್ಟು ಪುಣ್ಯ. ಬೇಸಿಗೆ ಬಂತೆಂದರೆ ಯಾರದಾದರೂ ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ದಾರದಂಥ ಹುಳ ಹೊರಗೆ ಇಣುಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ತುಂಡು ಮಾಡಿಕೊಂಡರೆ ಕಾಲು ಬಾತು, ತಿಂಗಳುಗಟ್ಟಲೆ ಹಾಸಿಗೆ. ನಮ್ಮ ಅತ್ತೆ ಒಂದು ಮುಂಗಾರು ಪೂರ್ತಿ ಹೀಗೆ ಮಲಗಿ, ಬಿತ್ತನೆಯನ್ನು ಬಾಗಿಲಿನಿಂದಲೇ ನೋಡಿದವರು. ದೇವರ ಸಿಟ್ಟು ಎಂದು ಅವರೂ ನಂಬಿದ್ದರು, ಎಲ್ಲರೂ ನಂಬಿದ್ದರು.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷ ಆಗಿತ್ತು. ಒಂದು ದಿನ ಜೀಪಿನಲ್ಲಿ ಒಬ್ಬ ಡಾಕ್ಟರು ಬಂದರು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಬಿಸಿಲಿಗೆ ಒಡ್ಡಿ, ಭೂತಗನ್ನಡಿ ಕೊಟ್ಟು ಒಬ್ಬೊಬ್ಬರಿಗೂ ತೋರಿಸಿದರು. ನೀರಿನಲ್ಲಿ ಚುಕ್ಕೆಗಳಷ್ಟು ಸಣ್ಣ ಹುಳಗಳು ಪುಟಪುಟ ಜಿಗಿಯುತ್ತಿದ್ದವು. ಹುಣ್ಣಿದ್ದವರು ಬಾವಿಗಿಳಿದರೆ ನಾರಿನ ಮರಿಗಳು ನೀರಿಗೆ ಸೇರುತ್ತವೆ, ಆ ಮರಿಗಳನ್ನು ಈ ಹುಳ ನುಂಗುತ್ತದೆ, ಈ ಹುಳವನ್ನು ನೀವು ಕುಡಿಯುತ್ತೀರಿ, ವರ್ಷದ ಮೇಲೆ ನಾರು ಕಾಲಿಗೆ ಬರುತ್ತದೆ ಎಂದು ಡಾಕ್ಟರು ಎಷ್ಟೋ ಹೊತ್ತು ವಿವರಿಸಿದರು. ಅತ್ತೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ಕಣ್ಣು ಇನ್ನೂ ಲೋಟದ ಮೇಲಿತ್ತು.

“ಇವಕ್ಕ ಜೀವ ಐತೇನ್ರಿ?”

“ಐತ್ರೀ ಅಮ್ಮಾ.”

“ಹಂಗಾರ ನಾವು ಹುಟ್ಟಿದಾಗಿಂದ ಹುಳಾ ತಿಂತೀವಿ?”

ಕೋಳಿ ತತ್ತಿ ಇಟ್ಟ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗುವ ಹೆಂಗಸು ಅವರು. ಕಾಯಿಪಲ್ಲೆಯನ್ನು ಎರಡು ನೀರಿನಲ್ಲಿ ತೊಳೆದು, ಮೂರನೆಯದರಲ್ಲಿ ಮತ್ತೆ ಜಾಲಿಸುವವರು. ಡಾಕ್ಟರು ಹೇಳಿದ ರೋಗದ ಮಾತು ಯಾರನ್ನೂ ಅಷ್ಟು ಅಲ್ಲಾಡಿಸಲಿಲ್ಲ. ಆದರೆ ಇಷ್ಟು ವರ್ಷ ಜೀವ ಕುಡಿದಿದ್ದೇವೆ ಎಂಬ ಮಾತು ಸಂಜೆಯೊಳಗೆ ನಲವತ್ತೊಂದು ಒಲೆಗಳ ಮುಂದೆಯೂ ಹೋಗಿ ಮುಟ್ಟಿತು. ಅವತ್ತು ಊರಿನಲ್ಲಿ ಅರ್ಧ ಜನ ಊಟ ಮಾಡಲಿಲ್ಲ.

ಮರುದಿನವೇ ಬಾವಿಕಟ್ಟೆಯ ಮೇಲೆ ಹೆಂಗಸರ ಕೂಟ ಸೇರಿತು. ನೀರನ್ನು ಅರಿವೆಯಲ್ಲಿ ಎರಡು ಪದರು ಮಾಡಿ ಸೋಸಬೇಕು. ಅರಿವೆ ಎಲ್ಲಿಂದ? ಹಳೆ ಸೀರೆಯಲ್ಲಿ ತೂತು. ಆಗ ಎದುರು ಮನೆಯ ಚಿಗವ್ವ ಎದ್ದು ಮನೆಗೆ ಹೋದಳು. ಅತ್ತೆಗೆ ಆಕೆ ವರಸೆಯಲ್ಲಿ ತಂಗಿ, ವಯಸ್ಸಿನಲ್ಲಿ ಗೆಳತಿ, ಜಗಳದಲ್ಲಿ ಸರೀಕಳು. ಪಂಚಮಿ ಹಬ್ಬಕ್ಕೆ ಉಡಬೇಕೆಂದು ಇಟ್ಟಿದ್ದ ಹೊಸ ಸೀರೆಯನ್ನು ತಂದು, ಮಡಿಕೆ ಬಿಚ್ಚಿ, ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಹರಿದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮನೆಗೊಂದು ತುಂಡು ಬಂತು.

ಇನ್ನೊಂದು ಕೆಲಸ ಬಾವಿ ಕಾಯುವುದು. ಕಾಲಿನಲ್ಲಿ ಹುಣ್ಣಿದ್ದವರು ನೀರಿಗೆ ಇಳಿಯಬಾರದು, ಅವರ ಕೊಡವನ್ನು ಕಾಯುವಾಕೆಯೇ ತುಂಬಿಕೊಡಬೇಕು. ಅದಕ್ಕೆ ಅತ್ತೆ ಪಾಳಿ ಹಚ್ಚಿದರು. ನಮ್ಮಲ್ಲಿ ಎಮ್ಮೆ ಹೊಡೆಯುವ ಒಂದು ಬಡಿಗೆ ಇತ್ತು. ಪಾಳಿಯಾಕೆ ಆ ಬಡಿಗೆ ಹಿಡಿದು ಮೇಲಿನ ಮೆಟ್ಟಿಲ ಮೇಲೆ ನಿಲ್ಲಬೇಕು. ಹೊತ್ತು ಮುಳುಗುವ ಮುಂದೆ ಅದನ್ನು ಮುಂದಿನ ಮನೆಯ ಬಾಗಿಲಿಗೆ ಆನಿಸಿ ಬರಬೇಕು. ಬಾಗಿಲಲ್ಲಿ ಬಡಿಗೆ ಕಂಡಿತೆಂದರೆ ನಾಳೆ ನಿಮ್ಮ ಪಾಳಿ. ಕೂಗುವುದಿಲ್ಲ, ಹೇಳುವುದಿಲ್ಲ, ಚೀಟಿ ಇಲ್ಲ. ಗೌಡರ ಮನೆಗೂ ಕೂಲಿಯವರ ಮನೆಗೂ ಅದೇ ಬಡಿಗೆ. ನಲವತ್ತೊಂದನೆಯ ದಿನ ತಿರುಗಿ ನಮ್ಮ ಬಾಗಿಲಿಗೆ ಬರುತ್ತಿತ್ತು.

ಒಮ್ಮೆ ಕುಷ್ಟಗಿಯಿಂದ ಬಂದ ದೊಡ್ಡ ಮನುಷ್ಯರೊಬ್ಬರು ಬಿಳಿ ಧೋತರ ಮೇಲೆತ್ತಿ ಕಾಲು ತೊಳೆಯಲು ಬಾವಿಗಿಳಿಯುತ್ತಿದ್ದರು. ಚಿಗವ್ವನ ಪಾಳಿ.

“ಪಾದ ತೋರಸ್ರಿ.”

“ನಾ ಯಾರು ಗೊತ್ತೈತೇನು?”

“ನೀವ್ಯಾರು ಅಂತ ಆಮ್ಯಾಲ ಕೇಳ್ತೀನಿ. ಮೊದಲ ಪಾದ ತೋರಸ್ರಿ.”

ಪಾಪ, ತೋರಿಸಿದರು. ಎರಡೂ ತೋರಿಸಿದರು. ಹುಣ್ಣು ಇರಲಿಲ್ಲ, ಆದರೂ ಇಳಿಯಲು ಬಿಡದೆ ಒಂದು ತಂಬಿಗೆ ನೀರು ಮೇಲೆಯೇ ಕೊಟ್ಟು ಕಳಿಸಿದಳು.

ಮೂರು ಬೇಸಿಗೆ ಹೀಗೆ ಹೋಯಿತು. ಮೊದಲನೆಯದರಲ್ಲಿ ಹುಣ್ಣು ಇದ್ದೇ ಇತ್ತು, ಎರಡನೆಯದರಲ್ಲಿ ಕಡಿಮೆಯಾಯಿತು, ಮೂರನೆಯದರಲ್ಲಿ ಇಬ್ಬರಿಗೆ ಮಾತ್ರ. ಡಾಕ್ಟರು ಕುಣಿದಾಡುವುದೊಂದು ಬಾಕಿ. ಸ್ವಂತ ಇಚ್ಛೆಯಿಂದ ಸೇವೆ ಮಾಡಿದವರಿಗೆ ಸರ್ಕಾರ ದಿಲ್ಲಿಯಲ್ಲಿ ಪ್ರಶಸ್ತಿ ಕೊಡುತ್ತದೆ ಎಂದು ಹೇಳಿ ಒಂದು ಅರ್ಜಿ ತಂದುಕೊಟ್ಟರು. ಊರಿನ ಸೊಸೆಯಂದಿರಲ್ಲಿ ಮೆಟ್ರಿಕ್ ಪಾಸಾದವಳು ನಾನೊಬ್ಬಳೇ, ಆದ್ದರಿಂದ ಬರೆಯುವ ಕೆಲಸ ನನಗೇ ಬಂತು.

“ಎಲ್ಲಾರ ಹೆಸರೂ ಬರಿ,” ಎಂದರು ಅತ್ತೆ. “ಒಂದೂ ಬಿಡಬ್ಯಾಡ. ಚಿಗವ್ವಂದು ಮೊದಲ ಬರಿ.”

ಅರ್ಜಿಯಲ್ಲಿ ಹೆಸರಿಗೆ ಇದ್ದದ್ದು ಒಂದೇ ಗೆರೆ. ಇನ್ನೊಂದು ಹಾಳೆ ಹಚ್ಚಿ ಬರೆಯಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸೊಕ್ಕು. ದಿಲ್ಲಿಯ ಪ್ರಶಸ್ತಿ ಬಂದವರ ಸೊಸೆ ಎಂದು ತವರಿನಲ್ಲಿ ಹೇಳಿಕೊಳ್ಳಬೇಕಿತ್ತು. ನಲವತ್ತೊಂದು ಜನರಲ್ಲಿ ಒಬ್ಬರ ಸೊಸೆ ಎಂದರೆ ಏನು ಬಂತು? ಆ ಗೆರೆಯ ಮೇಲೆ ಅತ್ತೆಯ ಹೆಸರೊಂದನ್ನೇ ದುಂಡಗೆ ಬರೆದು ಹಾಕಿಬಿಟ್ಟೆ. ಹೆಬ್ಬೆಟ್ಟು ಒತ್ತುವಾಗ ಅತ್ತೆ ಕೇಳಿದರು.

“ಎಲ್ಲಾರ್ದೂ ಬರದಿಯಿಲ್ಲ?”

“ಹೂಂ ರೀ,” ಎಂದೆ.

ಅವರು ಅದನ್ನು ನಂಬಿ, ನಿಮ್ಮೆಲ್ಲರ ಹೆಸರು ದಿಲ್ಲಿಗೆ ಹೋಗಿದೆ ಎಂದು ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದರು.

ಕಾಗದ ಬಂದದ್ದು ಮುಂದಿನ ಬೇಸಿಗೆಯ ಬಾಯಲ್ಲಿ. ಅವತ್ತು ನಮ್ಮ ಪಾಳಿ. ಪೋಸ್ಟಿನವರು ಮನೆಗೆ ಹೋಗುವ ಬದಲು ನೇರ ಬಾವಿಗೇ ಬಂದು, ಕೊಡ ಹಿಡಿದು ನಿಂತ ಹೆಂಗಸರ ನಡುವೆ ಸಂಭ್ರಮದಿಂದ ಓದಿ ಹೇಳಿದರು. ಒಂದೇ ಹೆಸರು. ಚಿಗವ್ವ ಕೇಳಿದಳು, “ಮುಂದ ಓದ್ರಿ.” ಪೋಸ್ಟಿನವರು ಕಾಗದ ತಿರುವಿ ನೋಡಿ, “ಮುಂದ ಏನೂ ಇಲ್ರಿ,” ಎಂದರು. ಆಕೆ ಕೊಡ ಎತ್ತಿಕೊಂಡು ಹೋದಳು. ನಾನು ಅತ್ತೆಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅವತ್ತು ಸಂಜೆ ಅತ್ತೆ ಎಂದಿನಂತೆ ಬಡಿಗೆಯನ್ನು ಚಿಗವ್ವನ ಬಾಗಿಲಿಗೆ ಆನಿಸಿ ಬಂದರು. ಬೆಳಿಗ್ಗೆ ಬಾಗಿಲು ತೆರೆದರೆ ಬಡಿಗೆ ನಮ್ಮ ಬಾಗಿಲಲ್ಲೇ ನಿಂತಿತ್ತು. ಅತ್ತೆ ಅದನ್ನು ತೆಗೆದುಕೊಂಡು ಬಾವಿಗೆ ಹೋದರು. ಸಂಜೆ ಅದರಾಚೆಯ ಮನೆಗೆ ಇಟ್ಟರು. ಅಲ್ಲಿಂದಲೂ ವಾಪಸು. ಆರು ದಿನ ಹೀಗೇ ಆಯಿತು. ಆರು ದಿನವೂ ಅತ್ತೆ ಒಬ್ಬರೇ ಬಿಸಿಲಿನಲ್ಲಿ ನಿಂತರು. ಯಾರೂ ಬಾಯಿಬಿಟ್ಟು ಬೈಯಲಿಲ್ಲ. ಇನಾಮು ನಿನ್ನದಾದರೆ ಬಾವಿಯೂ ನಿನ್ನದೇ ಎಂದು ಬಡಿಗೆಯ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು, ಅಷ್ಟೇ.

ನನಗೂ ಅತ್ತೆ ಏನೂ ಅನ್ನಲಿಲ್ಲ. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಎರಡು ಬೈದಿದ್ದರೆ ಒಂದು ಹೊತ್ತು ಅತ್ತು ಹಗುರಾಗುತ್ತಿದ್ದೆ. ಏಳನೆಯ ದಿನ ರೊಟ್ಟಿ ಮುರಿಯುತ್ತಾ ನಮ್ಮ ಮನೆಯವರಿಗೆ ಹೇಳಿದರು.

“ನಾ ದಿಲ್ಲಿಗೆ ಬರಂಗಿಲ್ಲ. ಹೋಗಿ ಬರಾಕ ಹತ್ತು ದಿನ ಬೇಕು. ಬಾವಿಗೆ ಯಾರು ನಿಂದರ್ತಾರ? ಇಬ್ಬರ ಕಾಲಾಗ ಗುಳ್ಳಿ ಎದ್ದಾವು. ಅವರೊಂದು ಸಲ ಇಳದ್ರಂದ್ರ ಮೂರು ವರ್ಷದ್ದು ನೀರಾಗ ಹೋತು.”

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ತಾಟು ಬಿಟ್ಟು ಎದ್ದು ಎದುರು ಮನೆಗೆ ಹೋದೆ.

ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಬಡಿತ ಜೋರಾಯಿತು.

“ಚಿಗವ್ವಾ, ತಪ್ಪು ಅತ್ತಿದಲ್ಲ, ನಂದು. ಅವರು ಎಲ್ಲಾರ ಹೆಸರು ಬರಿ ಅಂದಿದ್ರು. ನಿಂದ ಮೊದಲ ಬರಿ ಅಂದಿದ್ರು. ನಾನ ಬರೀಲಿಲ್ಲ. ಕೇಳಿದಾಗ ಬರದೀನಿ ಅಂತ ಸುಳ್ಳು ಹೇಳಿದೆ.”

ಬಡಿತ ನಿಂತಿತು. “ನಂದ ಮೊದಲ ಅಂದಿದ್ಲೇನ?”

“ಹೂಂ.”

“ಪಂಚಮಿ ಸೀರಿ ಹರದಾಕಿ ನಾನು. ದಿಲ್ಲಿಯವರಿಗೆ ಅದು ಬ್ಯಾಡ, ನಿಮ್ಮತ್ತಿಗೆ ನೆನಪಿದ್ರ ಸಾಕಿತ್ತು ನನಗ.” ಸೆರಗಿನಿಂದ ಮೂಗು ಒರೆಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು, ಇಬ್ಬರಿಗೂ ಅದರ ಕಡೆ ಲಕ್ಷ್ಯವಿರಲಿಲ್ಲ. “ನಡಿ, ಇದನ್ನ ಬಾವಿ ಮ್ಯಾಲ ಹೇಳು. ನನಗೊಬ್ಬಾಕಿಗೆ ಹೇಳಿದ್ರ ಆತೇನು?”

ಮೇಲಿನ ಮೆಟ್ಟಿಲ ಮೇಲೆ ನಿಂತು ಎಲ್ಲರ ಮುಂದೆ ಹೇಳಿದೆ. ಹೇಳಿ ಮುಗಿಸಿದೊಡನೆ ಹಿಂದಿನಿಂದ ಯಾರೋ ಕೇಳಿದರು.

“ಮೆಟ್ರಿಕ್ ತನಕ ಓದಿ ನಲವತ್ತೊಂದು ಹೆಸರು ಬರಿಯಾಕ ಬರಲಿಲ್ಲೇನ ಬೇ ನಿನಗ?”

ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಕೊಡಗಳನ್ನು ಕೆಳಗಿಟ್ಟು ಎಲ್ಲರೂ ನಕ್ಕರು. ನಾನು ಅಳುತ್ತಲೇ ನಕ್ಕೆ. ಅತ್ತೆ ಮಾತ್ರ ಬಡಿಗೆ ಹಿಡಿದು ಗಂಭೀರವಾಗಿ ನಿಂತಿದ್ದರು. ಚಿಗವ್ವ ಹತ್ತಿರ ಹೋಗಿ ಅವರ ಕೈಯಿಂದ ಬಡಿಗೆ ಕಸಿದುಕೊಂಡಳು.

“ಹೋಗು ದಿಲ್ಲಿಗೆ. ನೀ ಬರೂತನಕ ಬಾವಿ ಎಲ್ಲೂ ಓಡಿ ಹೋಗಂಗಿಲ್ಲ. ಆದ್ರ ಆ ಇನಾಮು ತಂದು ನಿಮ್ಮನಿ ಗ್ವಾಡಿಗೆ ಮೊಳಿ ಹೊಡದು ಹಾಕೊಂಡಿ ಅಂದ್ರ ನೋಡು ಮತ್ತ.”

ಹೊರಡುವ ದಿನ ನಲವತ್ತೊಂದು ಮನೆಯಿಂದಲೂ ಬುತ್ತಿ ಬಂತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕರ್ಚಿಕಾಯಿ. ದಿಲ್ಲಿಯಲ್ಲಿ ಬರಗಾಲ ಬಿದ್ದಿದೆಯೋ ಎನ್ನುವಂತೆ ಎರಡು ಚೀಲ ತುಂಬಿದವು. ನಮ್ಮ ಮನೆಯವರು ತಾಯಿಯನ್ನು ಕರೆದುಕೊಂಡು ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ ಹೋದರು. ಅತ್ತೆ ಅದಕ್ಕೆ ಮುಂಚೆ ರೈಲನ್ನು ದೂರದಿಂದ ನೋಡಿದ್ದು ಮಾತ್ರ.

ಇತ್ತ ಚಿಗವ್ವ ಹಠಕ್ಕೆ ಬಿದ್ದಳು. ಬೇರೆಯವರು ಪಾಳಿ ಕೇಳಿದರೂ ಬಡಿಗೆ ಕೊಡಲಿಲ್ಲ. ಹತ್ತು ದಿನವೂ ತಾನೇ ನಿಂತಳು. ನನಗೆ ಶಿಕ್ಷೆಯೆಂದು ಹುಣ್ಣಿದ್ದ ಇಬ್ಬರ ಮನೆಗೂ ದಿನಾ ನೀರು ಹೊರಿಸಿದಳು. ಆ ಹತ್ತು ದಿನದಲ್ಲಿ ನಾನು ಕೊಡ ತುಳುಕದಂತೆ ಹೊರುವುದನ್ನು ಕಲಿತೆ.

ದಿಲ್ಲಿಯ ಸುದ್ದಿಯನ್ನು ನಮ್ಮ ಮನೆಯವರಿಂದ ಕೇಳಬೇಕು. ದೊಡ್ಡ ಸಭೆ, ದೀಪ, ಮೆತ್ತನೆಯ ಕುರ್ಚಿ. ವೇದಿಕೆಯ ಮೇಲೆ ಎಲ್ಲರ ಮುಂದೆ ಗಾಜಿನ ಲೋಟದಲ್ಲಿ ನೀರು ಇಟ್ಟಿದ್ದರಂತೆ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಸೊಂಟದಿಂದ ಚಿಗವ್ವನ ಸೀರೆಯ ತುಂಡು ತೆಗೆದು, ಎರಡು ಪದರು ಮಾಡಿ, ಖಾಲಿ ಲೋಟವೊಂದಕ್ಕೆ ಸೋಸಿಕೊಂಡು ಕುಡಿದರಂತೆ. ಪಕ್ಕದಲ್ಲಿದ್ದ ದೊಡ್ಡವರೊಬ್ಬರು ನೋಡುತ್ತಲೇ ಇದ್ದದ್ದನ್ನು ಕಂಡು, ಅವರ ಲೋಟವನ್ನೂ ಎಳೆದುಕೊಂಡು ಸೋಸಿಕೊಟ್ಟರಂತೆ. ಅವರು ಅದನ್ನು ಕುಡಿದು, ಎರಡೂ ಕೈ ಮುಗಿದರಂತೆ. “ನಾಚಿಕಿಯಿಂದ ಸಾಯೂದೊಂದು ಬಾಕಿ ಇತ್ತು ನನಗ,” ಎಂದು ನಮ್ಮ ಮನೆಯವರು ಹೇಳುವಾಗ ಮುಖದ ತುಂಬ ಹೆಮ್ಮೆ.

ಬಸ್ಸಿಳಿದವರು ಮನೆಗೆ ಬರಲಿಲ್ಲ, ಬಾವಿಗೆ ಹೋದರು. ಚಿಗವ್ವ ಮೇಲಿನ ಮೆಟ್ಟಿಲ ಮೇಲಿದ್ದಳು. “ಯಾರಾರ ಇಳದ್ರೇನು?” ಅತ್ತೆ ಕೇಳಿದ ಮೊದಲ ಮಾತು ಅದು. “ಒಂದು ನಾಯಿ ಬಂದಿತ್ತು, ಅದನ್ನೂ ಓಡಿಸೀನಿ,” ಎಂದಳು ಚಿಗವ್ವ. ಆಮೇಲೆ ಇಬ್ಬರೂ ಅಪ್ಪಿಕೊಂಡು ಅತ್ತರು. ನಾವು ನೋಡಿಯೂ ನೋಡದಂತೆ ನಿಂತೆವು.

ಇನಾಮು ಅಂದರೆ ಒಂದು ತಾಮ್ರದ ಫಲಕ, ಊಟದ ತಾಟಿನಷ್ಟು ಅಗಲ. ಮೇಲೆ ಕಪ್ಪು ಬಣ್ಣದಲ್ಲಿ ಬರೆದ ನಾಲ್ಕು ಸಾಲು. ಅತ್ತೆ ಅದನ್ನು ನನ್ನ ಮುಂದೆ ಹಿಡಿದರು.

“ಇದರಾಗ ನನ್ನ ಹೆಸರು ಎಲ್ಲೈತಿ?”

ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ತಮ್ಮ ಬೆರಳನ್ನೂ ಅಲ್ಲಿಟ್ಟು, ಈ ತುದಿಯಿಂದ ಆ ತುದಿಗೆ ಎಳೆದು, “ಹೂಂ,” ಎಂದರು. ಅವತ್ತು ಸಂಜೆ ಚಿಗವ್ವನ ಬಾಗಿಲಲ್ಲಿ ಬಡಿಗೆಯ ಜೊತೆ ಫಲಕವೂ ಒರಗಿ ನಿಂತಿತ್ತು.

ಅಲ್ಲಿಂದ ಬಡಿಗೆ ಹೋದಲ್ಲೆಲ್ಲ ಇನಾಮು ಹೋಯಿತು. ಒಂದು ದಿನ ಒಂದು ಮನೆ. ಒಬ್ಬಳು ದೇವರ ಜಗುಲಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಒಬ್ಬಳು ಬೀಗರು ಬಂದ ದಿನವೇ ತನ್ನ ಪಾಳಿ ಬಂದದ್ದಕ್ಕೆ ಹಿಗ್ಗಿ, ನಡುಮನೆಯಲ್ಲಿ ಕಾಣುವಂತೆ ಇಟ್ಟಳು. ಇನ್ನೊಬ್ಬಳ ಮನೆಯಲ್ಲಿ ಬೆಕ್ಕಿನ ಕಾಟ, ಹಾಲಿನ ಗಡಿಗೆಯ ಮೇಲೆ ಮುಚ್ಚಿದಳು. “ದಿಲ್ಲಿ ಸರಕಾರ ಕಾಯ್ತೈತಿ ಅಂದ್ರ ಬೆಕ್ಕು ಹತ್ರ ಬರಲಿಲ್ಲ ನೋಡು,” ಎಂದಳು. ತಾಮ್ರದ ಸಾಮಾನನ್ನು ಮುಂದಿನ ಮನೆಗೆ ಕೊಡುವಾಗ ಕಿಲುಬು ಹಿಡಿದುಕೊಂಡು ಇದ್ದರೆ ನಾಚಿಕೆಗೇಡು. ಆದ್ದರಿಂದ ಪ್ರತಿಯೊಬ್ಬಳೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಫಳಫಳ ಮಾಡಿ ಕೊಡುತ್ತಿದ್ದಳು.

ಸುತ್ತು ಮುಗಿದು ನಮ್ಮ ಪಾಳಿ ಬಂದ ದಿನ ನೋಡಿದರೆ ಬಣ್ಣ ಅಲ್ಲಲ್ಲಿ ಮಾಸಿತ್ತು. ಹೆಂಗಸರಿಗೆಲ್ಲ ಹುಣಸೆಹಣ್ಣು ಹಚ್ಚಬೇಡಿ ಎಂದು ಹೇಳಿಬರುತ್ತೇನೆಂದು ಹಿತ್ತಲಿಗೆ ಬಂದೆ. ಅಲ್ಲಿ ಬಚ್ಚಲ ಕಲ್ಲಿನ ಮೇಲೆ ಫಲಕ ಇಟ್ಟುಕೊಂಡು ಅತ್ತೆ ಕುಳಿತಿದ್ದರು. ಹುಣಸೆಹಣ್ಣಿನ ಉಂಡೆ ಹಿಡಿದು ತಿಕ್ಕುತ್ತಿದ್ದರು. ಫಲಕವನ್ನೆಲ್ಲ ಅಲ್ಲ. ಎರಡನೆಯ ಸಾಲನ್ನು. ನಾನು ತೋರಿಸಿದ ಆ ತುದಿಯಿಂದ ಈ ತುದಿಗೆ.

“ಅತ್ತೀ! ಏನ ಮಾಡಾಕ ಹತ್ತೀರಿ?”

“ಇಲ್ಲೆ ಭಾಳ ಕರ್ರಗಾಗಿತ್ತವಾ,” ಎಂದರು. ಮುಖ ಎತ್ತಲಿಲ್ಲ. ಆದರೆ ತುಟಿಯ ಮೂಲೆಯಲ್ಲಿ ನಗು ಇತ್ತು. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತು ನೀರು ಹಾಕಿದೆ.

ಎರಡು ವರ್ಷದಲ್ಲಿ ಉಳಿದ ಅಕ್ಷರಗಳೂ ಹೋದವು. ನಮ್ಮ ಊರಿನಲ್ಲಿ ನಾರುಹುಣ್ಣೂ ಹೋಯಿತು. ಒಂದು ಬೇಸಿಗೆ ಪೂರ್ತಿ ಒಬ್ಬರ ಕಾಲಿನಲ್ಲೂ ಗುಳ್ಳೆ ಏಳಲಿಲ್ಲ. ಅದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲು ಹೊಸ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಊರಿಗೆ ದಿಲ್ಲಿಯ ಪ್ರಶಸ್ತಿ ಬಂದಿದೆಯಂತಲ್ಲ, ತೋರಿಸಿ ಎಂದರು. ಅವತ್ತು ಯಾರ ಪಾಳಿ ಎಂದು ನೋಡಿದರೆ ಅದೇ ವರ್ಷ ನವಲಿಯಿಂದ ಮದುವೆಯಾಗಿ ಬಂದ ಹೊಸ ಸೊಸೆಯದು. ಆಕೆ ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಫಲಕ ಹಿಡಿದು ಬಂದಳು. ಬಿಸಿಲಿಗೆ ಅದು ಕಣ್ಣು ಕುಕ್ಕಿತು. ಸಾಹೇಬರು ಈ ಕಡೆ ತಿರುವಿ, ಆ ಕಡೆ ತಿರುವಿ ನೋಡಿದರು.

“ಇದರ ಮೇಲೆ ಹೆಸರೇ ಇಲ್ಲವಲ್ಲ. ಇದು ಯಾರಿಗೆ ಬಂದದ್ದು?”

ಚಿಗವ್ವ ಅತ್ತೆಯ ಕಡೆ ನೋಡಿದಳು. ಅತ್ತೆ ಹೊಸ ಸೊಸೆಯ ಕಡೆ ಕೈ ತೋರಿಸಿದರು.

“ಇವತ್ತ ಅಕೀದ್ರಿ. ನಾಳಿ ಬಂದು ಕೇಳಿದ್ರ ಬ್ಯಾರೆಯಾಕಿ ಹೆಸರು ಹೇಳ್ತೀನಿ.”

ಸಾಹೇಬರು ಪೆನ್ನು ಹಿಡಿದು ಗಲಿಬಿಲಿಯಲ್ಲಿ ನನ್ನ ಕಡೆ ನೋಡಿದರು. ಅವರ ಕಾಗದದಲ್ಲಿಯೂ ಹೆಸರಿಗೆ ಒಂದೇ ಗೆರೆ ಇತ್ತು. ನಾನು ಎರಡು ಖಾಲಿ ಹಾಳೆ ಇಸಕೊಂಡು, ಬಾವಿಕಟ್ಟೆಯ ಮೇಲೆ ಕುಳಿತು, ಚಿಗವ್ವನ ಹೆಸರಿನಿಂದ ಶುರು ಮಾಡಿದೆ. ಅತ್ತೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಸಾಲು ಎಣಿಸಲು ಬರುತ್ತಿತ್ತು. ಬೆರಳ ಗೆಣ್ಣು ಹಿಡಿದು ಒಂದೊಂದಾಗಿ ಎಣಿಸಿದರು. ನಲವತ್ತೊಂದು ಆದ ಮೇಲೆಯೇ, “ಹೂಂ, ಇನ್ನ ಕೊಡು,” ಎಂದರು.